ಬೂಟಿನ ಡಬ್ಬ್ಯಾಗಿನ ಆಸ್ತಿ

ನಮ್ಮ ಮನಿ ಕಪಾಟಿನ ಮ್ಯಾಲಿನ ಖಣದಾಗ ಎರಡು ಬೂಟಿನ ಡಬ್ಬಿ ಅವ. ಒಳಗ ಬೂಟಿಲ್ಲ, ಸುಮಾರು ಎರಡು ಸಾವಿರ ಕಾರ್ಡು ಅವ. ಆ ಕಾರ್ಡಿಗೆ ನಮ್ಮ ಮನ್ಯಾಗ ಮೂರು ಹೆಸರು. ನಮ್ಮವ್ವ ಅದಕ್ಕ ಇಸ್ಪೀಟು ಅಂತಾಳ, ದೀಪಾವಳಿ ಬಿಟ್ಟು ಬ್ಯಾರೆ ದಿನ ಪಡಸಾಲ್ಯಾಗ ಹರವಿಕೊಂಡು ಕೂತ್ರ ಆಕಿಗೆ ಸೇರಂಗಿಲ್ಲ. ನಮ್ಮಾಕಿ 'ನಿಮ್ಮ ಕಾಗದಾ' ಅಂತಾಳ. ನಮ್ಮ ಅಕ್ಕನ ಗಂಡ, ಅಂದ್ರ ನಮ್ಮ ಭಾವ, ಬ್ಯಾಂಕಿನಾಗ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವರು. ಅವರು ಮಾತ್ರ ಅದಕ್ಕ ಆಸ್ತಿ ಅಂತಾರ.

ಆಸ್ತಿ ಅನ್ನೋ ಮಾತು ಶುರುವಾದದ್ದು ಈ ವರ್ಷ. ಭಾವ ಮೊಬೈಲಿನಾಗ ಯಾವುದೋ ಕಾರ್ಡಿನ ರೇಟು ನೋಡಿದ್ರು. ನನ್ನ ಹತ್ರ ಅಂಥಾವು ನಾಲ್ಕು ಅವ ಅಂತ ಗೊತ್ತಾತು. ಆವತ್ತಿನಿಂದ ಅವರದೊಂದೇ ಹಟ: "ಇವನ್ನ ಪ್ಲಾಸ್ಟಿಕ್ ಡಬ್ಬ್ಯಾಗ ಸೀಲ್ ಮಾಡಿಸಿ ಲಾಕರಿನಾಗ ಇಡು. ಹುಡುಗಿ ಕಾಲೇಜಿಗೆ ಹೋಗೋ ಹೊತ್ತಿಗೆ ಮಾರು." ಇತ್ತ ಆ ಹುಡುಗಿ, ಅಂದ್ರ ಹನ್ನೊಂದು ವರ್ಷದ ನನ್ನ ಮಗಳು, ಇದೇ ಆಟ ಕಲಿಯಾಕ ಹತ್ಯಾಳ, ಅದೇ ನಾಲ್ಕು ಕಾರ್ಡು ತನ್ನ ಕಟ್ಟಿನ್ಯಾಗ ಬೇಕು ಅಂತಾಳ. ಇಬ್ಬರಿಗೂ ಒಂದು ಉತ್ತರ ಕೊಡಬೇಕಲ್ಲ? ಕೊಡಲಿಕ್ಕೆ ಕೂತಾಗ ನನ್ನ ಇಪ್ಪತ್ತು ವರ್ಷದ ಆಟದ ಲೆಕ್ಕ ಎಲ್ಲಾ ತಗೀಬೇಕಾತು. ಅದನ್ನೇ ಇಲ್ಲಿ ಬರೀಲಿಕ್ಕೆ ಹತ್ತೇನಿ.

ಆಟದ ಹೆಸರು ಮ್ಯಾಜಿಕ್: ದ ಗ್ಯಾದರಿಂಗ್. 1993ರ ಆಗಸ್ಟ್‌ದಾಗ ಅಮೆರಿಕಾದಾಗ ಹುಟ್ಟಿದ್ದು. ಮಾಡಿದಾಂವ ರಿಚರ್ಡ್ ಗಾರ್‌ಫೀಲ್ಡ್ ಅಂತ, ಗಣಿತದಾಗ ಡಾಕ್ಟರೇಟ್ ಮಾಡಿದಾಂವ. ತಂದದ್ದು ವಿಝರ್ಡ್ಸ್ ಆಫ್ ದ ಕೋಸ್ಟ್ ಅನ್ನೋ ಆಗಿನ ಸಣ್ಣ ಕಂಪನಿ. ನಾ ಕಲತದ್ದು 2004ರಾಗ, ಕೆಲಸಕ್ಕಂತ ನ್ಯೂ ಜೆರ್ಸಿಗೆ ಹೋದಾಗ. ಶುಕ್ರವಾರ ರಾತ್ರಿ ಒಂದು ಅಂಗಡ್ಯಾಗ ಮಂದಿ ಕೂಡತಿದ್ರು. ನಂಗೂ ಮಾತಾಡಲಿಕ್ಕೆ ಯಾರರೆ ಬೇಕಾಗಿತ್ತು, ಹೋಗಿ ಕೂತೆ.

ಇಸ್ಪೀಟಿಗೂ ಇದಕ್ಕೂ ಏನು ಫರಕು ಅಂದ್ರ, ಇಸ್ಪೀಟಿನಾಗ 52 ಎಲಿ ಎಲ್ಲಾರಿಗೂ ಸೇರಿ ಒಂದೇ ಕಟ್ಟು. ಇದರಾಗ ಹಂಗಲ್ಲ. ಇಲ್ಲೀತನಕ ಹತ್ತಾರು ಸಾವಿರ ಥರದ ಕಾರ್ಡು ಬಂದಾವ, ಅದರಾಗಿಂದ ನಿಮ್ಮ ಕಟ್ಟು ನೀವೇ ಮನ್ಯಾಗ ಜೋಡಿಸಿಕೊಂಡು ಬರಬೇಕು. ಕಮ್ಮೀತಕಮ್ಮಿ 60 ಕಾರ್ಡು, ಮೂಲ ಭೂಮಿ ಬಿಟ್ಟು ಒಂದೇ ಕಾರ್ಡಿನ ನಾಲ್ಕಕ್ಕಿಂತ ಹೆಚ್ಚು ಪ್ರತಿ ಇರಬಾರದು. ಒಬ್ಬೊಬ್ಬರಿಗೆ 20 ಜೀವ. ಕೈಯಾಗ ಏಳು ಕಾರ್ಡಿನಿಂದ ಶುರು, ಪ್ರತಿ ಸರದಿಗೆ ಒಂದು ಹೊಸ ಕಾರ್ಡು ಎಳಕೋಬೇಕು. ಕೆಲವು ಕಾರ್ಡು ಭೂಮಿ, ಸರದಿಗೊಂದು ಭೂಮಿ ಹಾಕಬಹುದು. ಭೂಮಿಯಿಂದ ಶಕ್ತಿ ಬರ್ತದ, ಆ ಶಕ್ತಿ ಖರ್ಚು ಮಾಡಿ ಉಳಿದ ಕಾರ್ಡು ಆಡಬೇಕು. ಹೊಲ ಇಲ್ಲದ ಬೆಳಿ ಇಲ್ಲ ಅನ್ನೋದು ನಮ್ಮ ಮಂದಿಗೆ ತಿಳಿಸಿ ಹೇಳಬೇಕಾಗಿಲ್ಲ.

ಈಗ ಸಮತೋಲದ ಮಾತು. ನಮ್ಮ ಆಡು-ಹುಲಿ ಆಟ ನೋಡ್ರಿ. ಮೂರು ಹುಲಿ, ಹದಿನೈದು ಆಡು. ಎರಡೂ ಕಡೆ ಬ್ಯಾರೆ ಬ್ಯಾರೆ, ಆದ್ರ ಆಡು ಹಿಡಿದಾಂವ ಶಾಣ್ಯಾ ಇದ್ರ ಹುಲಿ ಕಟ್ಟಿಹಾಕ್ತಾನ. ಯಾರೋ ಎಂದೋ ಆಡಿ ಆಡಿ ಈ ಲೆಕ್ಕ ಕೂಡಿಸ್ಯಾರ. ಆರು ಹುಲಿ ಇಟ್ಟಿದ್ರ ಆಡು ಹಿಡೀಲಿಕ್ಕೆ ಯಾರೂ ಕೂಡ್ತಿದ್ದಿಲ್ಲ. ಸಮತೋಲ ಅಂದ್ರ ಇಷ್ಟೇ: ಎದುರಿಗೆ ಕೂತಾಂವಗ ಎದ್ದು ಹೋಗಬೇಕು ಅನ್ನಿಸಬಾರದು.

ಗಾರ್‌ಫೀಲ್ಡ್‌ನ ಮೊದಲನೇ ಸಂಚಿನ್ಯಾಗ ಐದು ಕಾರ್ಡು ಇದ್ದವು. ಐದಕ್ಕೂ ಒಂದೇ ಶಕ್ತಿ ಖರ್ಚು, ಐದೂ ಮೂರು ಮೂರು ಕೊಡ್ತಾವ. ಲೈಟ್ನಿಂಗ್ ಬೋಲ್ಟ್ ಎದುರಿನವನ ಮೂರು ಜೀವ ತಗೀತದ. ಹೀಲಿಂಗ್ ಸಾಲ್ವ್ ನಿಮಗ ಮೂರು ಜೀವ ಕೊಡ್ತದ. ಜೈಂಟ್ ಗ್ರೋತ್ ನಿಮ್ಮ ಪ್ರಾಣಿಗೆ ಆ ಸರದಿಯಷ್ಟಕ್ಕ ಮೂರು ಬಲ ಕೊಡ್ತದ. ಡಾರ್ಕ್ ರಿಚುಯಲ್ ಒಂದು ಶಕ್ತಿ ಇಸಕೊಂಡು ಮೂರು ವಾಪಸ್ ಕೊಡ್ತದ. ಐದನೇದು ಆನ್ಸೆಸ್ಟ್ರಲ್ ರಿಕಾಲ್, ಮೂರು ಹೊಸ ಕಾರ್ಡು ಕೈಗೆ. ಕಾಗದದ ಮ್ಯಾಲೆ ಐದೂ ಅಣ್ಣತಮ್ಮಂದಿರಂಗ ಕಾಣ್ತಾವ. ಆಡಲಿಕ್ಕೆ ಕೂತ್ರ ಮೂರು ಜೀವಕ್ಕ ಯಾರೂ ಹೊರಳಿ ನೋಡಂಗಿಲ್ಲ. ಮೂರು ಕಾರ್ಡು ಅಂದ್ರ ಮೂರು ಸರದಿ ಪುಕ್ಕಟೆ ಸಿಕ್ಕಂಗ. ಇವತ್ತು ಹೀಲಿಂಗ್ ಸಾಲ್ವ್ ಯಾರರೆ ಸುಮ್ಮನ ಕೊಟ್ರೂ ಮಂದಿ ಒಲ್ಲೆ ಅಂತಾರ. ಆನ್ಸೆಸ್ಟ್ರಲ್ ರಿಕಾಲಿನ ಹಳೇ ಪ್ರತಿಗೆ ಲಕ್ಷಗಟ್ಟಲೆ ರೂಪಾಯಿ.

ಗಾರ್‌ಫೀಲ್ಡ್‌ಗ ಇದು ಗೊತ್ತಿರಲಿಲ್ಲ ಅಂತಲ್ಲ. ಐದರಾಗ ಅದೊಂದನ್ನೇ ಅಪರೂಪದ ಕಾರ್ಡು ಅಂತ ಕಮ್ಮಿ ಛಾಪಿಸಿದ್ರು, ಉಳಿದ ನಾಲ್ಕು ಸಾದಾ. ಅವನ ಲೆಕ್ಕ ಏನಿತ್ತಂದ್ರ, ಒಂದು ಓಣಿ ಹುಡುಗರು ಅಲ್ಲೊಂದು ಇಲ್ಲೊಂದು ಪಾಕೀಟು ತಗೋತಾರ, ಇಡೀ ಓಣ್ಯಾಗ ಅಂಥಾ ಕಾರ್ಡು ಒಂದೋ ಎರಡೋ ಇರ್ತಾವ, ಆಟಕ್ಕೇನು ಧಕ್ಕಿ ಆಗಂಗಿಲ್ಲ ಅಂತ. ಮ್ಯಾಲೆ ಇನ್ನೊಂದು ನಿಯಮ ಇತ್ತು. ಆಟದ ಮೊದಲು ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡು ಪಣಕ್ಕ ಇಡಬೇಕು, ಗೆದ್ದಾಂವ ಎರಡೂ ಒಯ್ಯಬೇಕು. ಥೇಟ್ ನಾವು ಶಾಲಿ ಹಿಂದಿನ ಬಯಲಾಗ ಗೋಲಿ ಆಡಿದಂಗ. ಹಿಂಗಾದ್ರ ಭಾರಿ ಕಾರ್ಡು ಒಬ್ಬನ ಕೈಯಾಗೇ ಕೂಡಂಗಿಲ್ಲ, ಓಣಿ ತುಂಬ ತಿರಗ್ತದ.

ಮಂದಿ ಆಡಿದ್ದೇ ಬ್ಯಾರೆ. ಪಾಕೀಟಲ್ಲ, ಡಬ್ಬಿಗಟ್ಟಲೆ ಕೊಂಡ್ರು. ಬೇಕಾದ ಕಾರ್ಡನ್ನ ಒಬ್ಬರಿಂದೊಬ್ಬರು ರೊಕ್ಕ ಕೊಟ್ಟು ತಗೊಂಡ್ರು. ಪಣ ಇಡೋ ಪದ್ಧತಿ ಎರಡು-ಮೂರು ವರ್ಷದಾಗ ಸತ್ತುಹೋತು, ಇಪ್ಪತ್ತು ಡಾಲರಿನ ಕಾರ್ಡು ಪಣಕ್ಕ ಯಾರು ಇಡ್ತಾರ? ಅಪರೂಪ ಇದ್ರ ಆಟ ಸರಿತೂಗ್ತದ ಅನ್ನೋ ಲೆಕ್ಕ ಅಲ್ಲಿಗೇ ಮುಗೀತು. ಅಪರೂಪದ್ದು ಆಟದಿಂದ ದೂರ ಉಳೀಲಿಲ್ಲ, ರೊಕ್ಕ ಇದ್ದಾವರ ಕೈಗೆ ಬಂತು. ನನ್ನ ಮೊದಲನೇ ಅಭಿಪ್ರಾಯ ಇದು: ಭಾರಿ ಕಾರ್ಡನ್ನ ತುಟ್ಟಿ ಮಾಡಿದ್ರ ಅದರ ಭಾರ ಕಮ್ಮಿ ಆಗಂಗಿಲ್ಲ. ಆಡೋ ಮಂದಿ ಕಮ್ಮಿ ಆಗ್ತಾರ ಅಷ್ಟ.

ಬ್ಲ್ಯಾಕ್ ಲೋಟಸ್ ಹೆಸರು ನೀವು ಪೇಪರಿನ್ಯಾಗ ಓದಿರಬಹುದು. ಖರ್ಚು ಸೊನ್ನಿ, ಒಮ್ಮೆಲೇ ಮೂರು ಶಕ್ತಿ ಕೊಡ್ತದ. ಎಲ್ಲಾರೂ ನಾಲ್ಕನೇ ಸರದ್ಯಾಗ ಮಾಡೋ ಕೆಲಸ ನೀವು ಮೊದಲನೇ ಸರದ್ಯಾಗ ಮಾಡಿ ಮುಗಸ್ತೀರಿ. ಮೊದಲನೇ ಛಾಪಿನಾಗ ಅಂಥಾವು ಇದ್ದದ್ದು ಸುಮಾರು 1,100. 2021ರಾಗ ಅಂಥಾದೊಂದು, ಒಂದು ಗೀಟೂ ಇಲ್ಲದ್ದು, ಚಿತ್ರಗಾರನ ಸಹಿ ಇದ್ದ ಡಬ್ಬ್ಯಾಗಿಟ್ಟದ್ದು, ಹರಾಜಿನಾಗ 5,11,100 ಡಾಲರಿಗೆ ಹೋತು. ಭಾವ ಈ ಸುದ್ದಿ ಓದಿದ ದಿನ ನಮ್ಮ ಮನಿಗೆ ಬಂದು ಆ ಬೂಟಿನ ಡಬ್ಬಿ ಕೆಳಗಿಳಿಸಿ ಕೂತಿದ್ರು. ನನ್ನ ಹತ್ರ ಇಲ್ಲ ಅಂದ್ರೂ ನಂಬವಲ್ರು.

ನನ್ನ ಹತ್ರ ಇರೋವು ಅಂಡರ್‌ಗ್ರೌಂಡ್ ಸೀ ಅನ್ನೋ ನಾಲ್ಕು. 1994ರ ಛಾಪು. ಅದು ಒಂದು ಭೂಮಿ, ಆದ್ರ ಎರಡು ಥರದ ಶಕ್ತಿ ಕೊಡ್ತದ. ಒಂದೇ ಹೊಲದಾಗ ಜೋಳಾನೂ ಕಡ್ಲಿನೂ ಬೆಳದಂಗ. 2005ರಾಗ ನಾ ತಗೊಂಡಾಗ ಒಂದಕ್ಕ ಇಪ್ಪತ್ತು-ಇಪ್ಪತ್ತೈದು ಡಾಲರು. ಈಗ ಒಂದೊಂದಕ್ಕೂ ಅರ್ಧ ಲಕ್ಷ ರೂಪಾಯಿ ಆಸುಪಾಸು. ಇದು ಹೆಂಗಾತು ಅಂತ ಭಾವನವರಿಗೆ ತಿಳಿಸಿ ಹೇಳಲಿಕ್ಕೆ ನಂಗ ಒಂದು ಸಂಜೀನೇ ಹಿಡೀತು.

1995ರಾಗ ಕಂಪನಿಯವರು ಕ್ರಾನಿಕಲ್ಸ್ ಅಂತ ಒಂದು ಸಂಚು ತಂದು ಹಳೇ ಕಾರ್ಡುಗಳನ್ನ ಮತ್ತ ಛಾಪಿಸಿದ್ರು. ಹಳೇ ಕಾರ್ಡಿನ ರೇಟು ಬಿತ್ತು. ಕೂಡಿ ಇಟ್ಟವರು, ಅಂಗಡಿಯವರು ಗದ್ದಲ ಹಾಕಿದ್ರು. ಅದಕ್ಕ ಹೆದರಿ 1996ರಾಗ ಕಂಪನಿ ಒಂದು ಯಾದಿ ಮಾಡ್ತು, ರಿಸರ್ವ್ಡ್ ಲಿಸ್ಟ್ ಅಂತ ಅದಕ್ಕ ಹೆಸರು. ಆ ಯಾದ್ಯಾಗಿನ ಕಾರ್ಡು ಇನ್ನ ಮುಂದ ಎಂದೂ ಛಾಪಿಸಂಗಿಲ್ಲ ಅಂತ ಮಾತು ಕೊಟ್ರು. ನನ್ನ ನಾಲ್ಕು ಆ ಯಾದ್ಯಾಗ ಅವ. ಮಾತು ಇನ್ನೂ ನಡದದ. ಆಡೋ ಮಂದಿ ಹತ್ತು ಪಟ್ಟು ಹೆಚ್ಚಾದ್ರೂ ಕಾರ್ಡು ಅಷ್ಟೇ, ಮ್ಯಾಲೆ ಒಂದಿಷ್ಟು ಹರದಾವ, ಒಂದಿಷ್ಟು ತೊಯ್ದಾವ. ರೇಟು ಏರಲಾರದ ಏನಾಗ್ತದ?

ಭಾವ ಅಂದ್ರು: "ಹಂಗಿದ್ರ ಬಂಗಾರದಂಗ ಆತಲ್ಲೋ. ಗಣಿ ಮುಚ್ಯಾರ."

ಬಂಗಾರಕ್ಕೂ ಇದಕ್ಕೂ ಒಂದು ದೊಡ್ಡ ಫರಕು ಅದ ಅಂದೆ. ಅದಕ್ಕ ಇನ್ನೊಂದು ಕಾರ್ಡು ತಗದು ತೋರಿಸಿದೆ. ವಾಟರಿ ಗ್ರೇವ್ ಅಂತ, 2005ರಾಗ ಬಂದದ್ದು. ಹೆಚ್ಚುಕಮ್ಮಿ ಅದೇ ಕೆಲಸ ಮಾಡೋ ಭೂಮಿ. ಅದನ್ನ ಆಡಿದ ಸರದ್ಯಾಗೇ ಶಕ್ತಿ ಬೇಕಂದ್ರ ಎರಡು ಜೀವ ಕೊಡಬೇಕು, ಇಲ್ಲಂದ್ರ ಒಂದು ಸರದಿ ಕಾಯಬೇಕು. ಇದು ಯಾದ್ಯಾಗ ಇಲ್ಲ, ಕಂಪನಿ ಮ್ಯಾಲಿಂದ ಮ್ಯಾಲೆ ಛಾಪಿಸ್ಯದ. ಹೋಟೆಲಿನ್ಯಾಗ ಮನಿ ಮಂದಿ ಒಂದು ಸಲ ಉಂಡು ಬರೋ ರೊಕ್ಕಕ್ಕ ಒಂದು ಸಿಗ್ತದ. ಅರ್ಧ ಲಕ್ಷದ್ದಕ್ಕೂ ಇದಕ್ಕೂ ಆಟದಾಗ ಎರಡು ಜೀವದ ಅಂತರ. ಉಳಿದ ರೊಕ್ಕ ಎಲ್ಲಾ ಒಂದು ಮಾತಿನ ಮ್ಯಾಲೆ ನಿಂತದ. ಬಂಗಾರ ಯಾರ ಮಾತಿನ ಮ್ಯಾಲೂ ನಿಂತಿಲ್ಲ.

ಮತ್ತ ಆ ಮಾತಿಗೆ ಬೆಲಿ ಬಂದದ್ದರೆ ಎಲ್ಲಿಂದ? ಯಾರೋ ಎಲ್ಲೋ ಟೇಬಲ್ ಮುಂದ ಕೂತು ಈ ಕಾರ್ಡು ಆಡ್ತಾರ, ಎದುರಿಗಿನಾಂವ ನೋಡಿ ನನಗೂ ಬೇಕು ಅಂತಾನ. ಅಲ್ಲಿಂದ. ಇದೇ ಕಾಲದಾಗ ಹುಟ್ಟಿ, ಇಷ್ಟೇ ಅಪರೂಪ ಇದ್ದು, ಆಡೋ ಮಂದಿ ಹೋದಮ್ಯಾಲೆ ಸತ್ತ ಕಾರ್ಡಾಟ ಬೇಕಾದಷ್ಟವ. ಅವುಗಳ ಅಪರೂಪದ ಕಾರ್ಡು ಈಗ ರದ್ದಿ. ಕಾರ್ಡಿನ ಕಿಮ್ಮತ್ತು ಆಟದ ಕಡೆಯಿಂದ ತಂದ ಕೈಗಡ. ನನ್ನ ಎಲ್ಲಾ ಅಭಿಪ್ರಾಯಕ್ಕೂ ಬುಡ ಇದೇ.

ಆಟ ಕೆಟ್ರ ಮಂದಿ ಹೆಂಗ ಹೋಗ್ತಾರ ಅನ್ನೋದನ್ನ ನಾ ಕಣ್ಣಾರೆ ನೋಡೇನಿ. 2004ರ ಕೊನಿಗೆ ಅಫಿನಿಟಿ ಅನ್ನೋ ಒಂದು ಥರದ ಕಟ್ಟು ಎಲ್ಲಾರನ್ನೂ ಹೊಡೀತಿತ್ತು. ನೀವು ಮೂರನೇ ಸರದ್ಯಾಗ ಕಣ್ಣು ತೆರಿಯೋದ್ರಾಗ ಎದುರಿನಾಂವ ಆಟ ಮುಗಿಸಿರ್ತಿದ್ದ. ಒಂದೋ ಆ ಕಟ್ಟು ಆಡಬೇಕು, ಇಲ್ಲಾ ಅದನ್ನ ತಡಿಯೋ ಕಟ್ಟು ಆಡಬೇಕು, ಮೂರನೇ ದಾರಿ ಇಲ್ಲ. ನಮ್ಮ ಶುಕ್ರವಾರದ ಅಂಗಡ್ಯಾಗ ಮೂವತ್ತು ಮಂದಿ ಬರ್ತಿದ್ದವರು ಹನ್ನೆರಡಕ್ಕ ಬಂದ್ರು. 2005ರ ಮಾರ್ಚಿನಾಗ ಕಂಪನಿ ಆ ಕಟ್ಟಿನ ಎಂಟು ಕಾರ್ಡು ಒಮ್ಮೆಲೇ ಬಂದ್ ಮಾಡ್ತು. ಅದರಾಗ ಆರು ಬರೇ ಸಾದಾ ಭೂಮಿ! ಆ ಕಟ್ಟಿಗೆ ರೊಕ್ಕ ಸುರುವಿದ್ದ ನನ್ನ ಗೆಳೆಯ ಒಬ್ಬ ಎರಡು ವಾರ ಮಾತಾಡಲಿಲ್ಲ. ಆದ್ರ ಬ್ಯಾಸಿಗಿ ಬರೋದ್ರಾಗ ಅಂಗಡಿ ಮತ್ತ ತುಂಬಿತ್ತು, ಅಂವನೂ ಬಂದಿದ್ದ, ಹೊಸಾ ಕಟ್ಟು ತಗೊಂಡು.

ಕಾಗದದ ಕಾರ್ಡಿಗೆ ಇದೊಂದೇ ಔಷಧ. ಮೊಬೈಲಿನಾಗ ಆಡೋ ಹಾರ್ತ್‌ಸ್ಟೋನ್‌ನಂಥ ಆಟದಾಗ ಕಾರ್ಡು ಹದ ತಪ್ಪಿತಂದ್ರ ಕಂಪನಿಯವರು ರಾತ್ರೋರಾತ್ರಿ ಮೂರರ ಖರ್ಚನ್ನ ನಾಲ್ಕು ಮಾಡ್ತಾರ, ಬ್ಯಾಡಾದವರಿಗೆ ಆಟದೊಳಗಿನ ರೊಕ್ಕ ಪೂರಾ ವಾಪಸ್ ಕೊಡ್ತಾರ. ಛಾಪಿಸಿ ಮಾರಿದ ಕಾರ್ಡಿಗೆ ಅದು ಸಾಧ್ಯ ಇಲ್ಲ. ಉಪ್ಪು ಹೆಚ್ಚಾದ ಸಾರಿಗೆ ನೀರು ಹಾಕಬಹುದು, ಉಪ್ಪು ಹೆಚ್ಚಾದ ಉಪ್ಪಿನಕಾಯಿಗೆ ಏನು ಮಾಡ್ತೀರಿ? ಬರಣಿ ಮುಚ್ಚಿ ಆಚೆ ಇಡಬೇಕು.

ಬಂದ್ ಮಾಡಿದಾಗೊಮ್ಮೆ ಜಗಳ ಇದ್ದದ್ದೇ. 2011ರಾಗ ನೂರು ಡಾಲರಿನ ತನಕ ಹೋಗಿದ್ದ ಜೇಸ್ ಅನ್ನೋ ಕಾರ್ಡನ್ನ ಸ್ಟ್ಯಾಂಡರ್ಡ್ ಆಟದಾಗ ಬಂದ್ ಮಾಡಿದ್ರು. 2019ರಾಗ ಓಕೋ ಅನ್ನೋದು ಬಂದು ಎರಡು ತಿಂಗಳೂ ತುಂಬಿರಲಿಲ್ಲ, ಹೊರಗ ಹಾಕಿದ್ರು. ಆದ್ರ ಎಲ್ಲಾಕ್ಕಿಂತ ಹೊಲಸು ಜಗಳ ನಡದದ್ದು 2024ರಾಗ. ಕಮಾಂಡರ್ ಅಂತ ಇದೇ ಆಟದ ಒಂದು ಪ್ರಕಾರ ಅದ. ನೂರು ಕಾರ್ಡಿನ ಕಟ್ಟು, ನಾಲ್ಕು ಮಂದಿ ಕೂತು ಆಡೋದು, ಮೂಲ ಭೂಮಿ ಬಿಟ್ಟು ಯಾವ ಕಾರ್ಡೂ ಎರಡು ಇರಂಗಿಲ್ಲ. ಆಡೋ ಮಂದೀನೇ ಹುಟ್ಟುಹಾಕಿದ್ದು, ನಿಯಮ ನೋಡಿಕೊಳ್ಳೋ ಸಮಿತಿನೂ ಪಗಾರ ಇಲ್ಲದೆ ಕೆಲಸ ಮಾಡೋ ಅವರದೇ. ಆ ಸಮಿತಿ ಸಪ್ಟೆಂಬರ್ 23ಕ್ಕ ನಾಲ್ಕು ಕಾರ್ಡು ಬಂದ್ ಮಾಡ್ತು. ಅದರಾಗಿನ ಮನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್ ಎರಡೂ ನೂರು ಡಾಲರಿನ ಆಸುಪಾಸಿನವು. ರೇಟು ಧಪ್ ಅಂತ ಬಿತ್ತು. ಸಮಿತಿಯವರಿಗೆ ಬೆದರಿಕಿ ಬಂದವು. ಒಂದು ವಾರದಾಗ ಅವರು ಇಡೀ ಕಾರಭಾರ ಕಂಪನಿ ಕೈಗೆ ಒಪ್ಪಿಸಿ ಎದ್ದುಬಿಟ್ರು.

ಕಾಗದದ ತುಂಡಿಗಾಗಿ ಜೀವ ತಗೀತೇನಿ ಅನ್ನೋ ಮಂದಿ ಹುಟ್ಟಿದ್ರಲ್ಲ, ಅವರು ಆಡೋ ಮಂದಿ ಅಲ್ಲ ಅನ್ನಿಸ್ತದ ನಂಗ. ಸಮಿತಿ ಮಾಡಿದ್ದು ಆಟಕ್ಕ ಒಳ್ಳೇದೇ ಇತ್ತು. ಮೊದಲನೇ ಸರದ್ಯಾಗ ಒಬ್ಬಾಂವ ಮೂರು ಸರದಿ ಮುಂದ ಹೋಗಿಬಿಟ್ರ ಉಳಿದ ಮೂವರು ಅಲ್ಲಿ ಕೂತು ಏನು ಮಾಡಬೇಕು?

ಇದನ್ನ ಊಟದ ಹೊತ್ತಿಗೆ ಹೇಳಲಿಕ್ಕೆ ಹತ್ತಿದಾಗ ನಮ್ಮಾಕಿ ಒಂದು ಮಾತು ಕೇಳಿದ್ಲು. "ಅಲ್ರೀ, ಯಾವುದೋ ಹುಡುಗ ಮೂರು ತಿಂಗಳ ಪಾಕೆಟ್ ಮನಿ ಕೂಡಿಟ್ಟು ಆ ಕಾರ್ಡು ತಗೊಂಡಿರ್ತಾನ. ಮಾರಿದವರು ಅವರೇ, ಬಂದ್ ಮಾಡಿದವರೂ ಅವರೇ. ಇದು ನ್ಯಾಯ ಏನು?" ಮಾರಿದಾವರು ಬ್ಯಾರೆ, ಬಂದ್ ಮಾಡಿದ ಸಮಿತಿ ಬ್ಯಾರೆ ಅಂತ ನಾ ತಿದ್ದಬಹುದಿತ್ತು. ಆದ್ರ ಆಕಿ ಮಾತಿನ ತಿರುಳು ಖರೇನೇ ಅದ. ಜ್ಯುವೆಲ್ಡ್ ಲೋಟಸ್ 2020ರಾಗ ಕಮಾಂಡರ್ ಆಟಕ್ಕಂತನೇ ಮಾಡಿದ ಕಾರ್ಡು. ಬ್ಯಾರೆ ಎಲ್ಲೂ ಉಪಯೋಗ ಇಲ್ಲ. ಅದನ್ನ ಅತಿ ಅಪರೂಪದ ದರ್ಜಾದಾಗ ಇಟ್ಟು, ಅದರ ಆಸಿಗೆ ಪಾಕೀಟು ಮಾರಿ, 2023ರಾಗ ಇನ್ನೊಂದು ತುಟ್ಟಿ ಸಂಚಿನ್ಯಾಗ ಮತ್ತ ಇಟ್ಟು ಮಾರಿದ್ರು. ಹದ ತಪ್ಪಿದ ಕಾರ್ಡು ಅಂತ ಮೊದಲನೇ ದಿನಾನೇ ಕಾಣ್ತಿತ್ತು.

ಅದಕ್ಕ ನನ್ನ ಎರಡನೇ ಅಭಿಪ್ರಾಯ: ಆಟಕ್ಕೂ ಕಿಮ್ಮತ್ತಿಗೂ ತಿಕ್ಕಾಟ ಬಂದಾಗ ಆಟ ಗೆಲ್ಲಬೇಕು. ಆದ್ರ ಆ ತಿಕ್ಕಾಟ ಬರದಂಗ ನೋಡಿಕೊಳ್ಳೋ ಜವಾಬ್ದಾರಿ ಛಾಪಿಸೋರದು. ಭಾರಿ ಕಾರ್ಡು ಮಾಡಿದ್ರ ಬೇಕಾದಷ್ಟು ಛಾಪಿಸ್ರಿ. ಆಡಲಿಕ್ಕೆ ಬೇಕೇಬೇಕಾದ ಭೂಮಿಯಂಥಾ ಕಾರ್ಡನ್ನ ತುಟ್ಟಿ ಮಾಡಬ್ಯಾಡ್ರಿ. ಬಂದ್ ಮಾಡೋದಿದ್ರ ಬೇಗ ಮಾಡ್ರಿ, ನಾಲ್ಕು ವರ್ಷ ಮಾರಿ ಆಮ್ಯಾಲೆ ಅಲ್ಲ. ಅಂದಚಂದಕ್ಕಂತ ರೊಕ್ಕ ಖರ್ಚು ಮಾಡೋರು ಇದ್ದೇ ಇರ್ತಾರ. ಅವರಿಗೆ ಹೊಳಿಯೋ ಕಾಗದ, ಬ್ಯಾರೆ ಚಿತ್ರ, ಬಂಗಾರದ ಅಂಚು ಹಾಕಿ ಎಷ್ಟಕ್ಕಾದ್ರೂ ಮಾರ್ರಿ. ಅದೇ ಕಾರ್ಡಿನ ಸಾದಾ ಪ್ರತಿ ಹುಡುಗರಿಗೆ ಒಂದು ಗಿರಮಿಟ್ಟಿನ ರೊಕ್ಕಕ್ಕ ಸಿಗಬೇಕು. ಇಳಕಲ್ ಸೀರಿಯೊಳಗ ಹತ್ತಿದೂ ಅದ, ರೇಶ್ಮಿದೂ ಅದ, ಸೆರಗು ಇಬ್ಬರಿಗೂ ಇರ್ತದಲ್ಲ.

2022ರಾಗ ಇದರ ಉಲ್ಟಾ ನಡೀತು. ಆಟಕ್ಕ ಮೂವತ್ತು ವರ್ಷ ತುಂಬಲಿಕ್ಕೆ ಬಂತಂತ ಕಂಪನಿ ಮೊದಲನೇ ಸಂಚನ್ನ ಮತ್ತ ಛಾಪಿಸ್ತು, ಬ್ಲ್ಯಾಕ್ ಲೋಟಸ್ ಸೈತ. ನಾಲ್ಕು ಪಾಕೀಟು, 60 ಕಾರ್ಡು, 999 ಡಾಲರು. ಹಿಂದಿನ ಮಗ್ಗಲು ಬ್ಯಾರೆ, ಸ್ಪರ್ಧಾದಾಗ ಆಡಲಿಕ್ಕೆ ಪರವಾನಗಿ ಇಲ್ಲ. ಅಂದ್ರ ಆಡಲಿಕ್ಕೆ ಬರಲಾರದ ಕಾರ್ಡು, ಅದೂ ಯಾವುದು ಸಿಗ್ತದೋ ಗೊತ್ತಿಲ್ಲದಂಗ ಪಾಕೀಟಿನ್ಯಾಗ ಮುಚ್ಚಿ, ಸಾವಿರ ಡಾಲರಿಗೆ! ಮರುವರ್ಷ ಜಗತ್ತಿನಾಗ ಒಂದೇ ಒಂದು ಪ್ರತಿ ಇರೋ ಉಂಗುರದ ಕಾರ್ಡು ಪಾಕೀಟಿನ್ಯಾಗ ಬಚ್ಚಿಟ್ರು. ಸಿಕ್ಕಾಂವನ ಹತ್ರ ಅದನ್ನ ಪೋಸ್ಟ್ ಮೆಲೋನ್ ಅನ್ನೋ ಹಾಡುಗಾರ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ತಗೊಂಡ. ಅದು ಇಡೀ ಜಗತ್ತಿನ ಸುದ್ದಿ ಆತು. ಎಷ್ಟು ಮಂದಿ ಅದರ ಆಸಿಗೆ ಪಾಕೀಟು ಹರದ್ರು ಅನ್ನೋದು ಸುದ್ದಿ ಆಗಲಿಲ್ಲ.

ನಾವು ಸಣ್ಣವರಿದ್ದಾಗ ಚಾದಂಗಡಿ ಬಾಜೂಕ ಲಾಟರಿ ಅಂಗಡಿ ಇರ್ತಿದ್ದವು. ಎಷ್ಟು ಮನಿ ಅದರಾಗ ಮುಳಗ್ಯಾವ ಅನ್ನೋದು ನಮ್ಮ ಓಣಿ ಹಿರಿಯಾರಿಗೆ ಗೊತ್ತದ. 2007ರಾಗ ನಮ್ಮ ರಾಜ್ಯದಾಗ ಅದನ್ನ ಬಂದ್ ಮಾಡಿದ್ರು. ಮುಚ್ಚಿದ ಪಾಕೀಟು ಹರಿಯೋ ಹುಡುಗರ ಮುಖ ನೋಡಿದ್ರ ನಂಗ ಆ ಚೀಟಿ ತಿಕ್ಕೋ ಮಂದಿ ಮುಖಾನೇ ನೆನಪಾಗ್ತದ. ನಮ್ಮ ಕಾಲದಾಗೂ ಕಾರ್ಡು ಇದ್ದವು, ಕುಸ್ತಿಯವರ ಟ್ರಂಪ್ ಕಾರ್ಡು. ಎತ್ತರ, ತೂಕ, ಎದಿ ಸುತ್ತಳತಿ ಹೇಳಿ ಒಬ್ಬರದೊಬ್ಬರು ಕಸಗೋತಿದ್ವಿ. ಆದ್ರ ಅದು ಒಂದು ಪೂರಾ ಕಟ್ಟು, ಅಂಗಡ್ಯಾಗ ಯಾರು ತಗೊಂಡ್ರೂ ಅವೇ ಕಾರ್ಡು. ಯೊಕೊಝುನಾ ಕೈಯಾಗ ಬಂದ್ರ ತೂಕ ಹೇಳಬೇಕು ಅನ್ನೋದು ಗೌಡರ ಮಗಗೂ ಗೊತ್ತಿತ್ತು, ಹಮಾಲನ ಮಗಗೂ ಗೊತ್ತಿತ್ತು.

ಭಾವನವರ ಲಾಕರಿನ ಮಾತಿಗೆ ಉತ್ತರ ಕೊಟ್ಟಾಕಿ ನಮ್ಮವ್ವ. ಆಕಿಗೆ ಕಾರ್ಡಿನ ತಿಳುವಳಿಕಿ ಇಲ್ಲ, ಸೀರಿದು ಅದ. "ಉಡಲಾರದ ಇಟ್ಟ ರೇಶ್ಮಿ ಸೀರಿ ಮಡಚಿದಲ್ಲೇ ಹರೀತದ ನೋಡಪಾ. ವರ್ಷಕ್ಕೊಮ್ಮೆರೆ ಉಟ್ಟು, ಗಾಳಿಗೆ ಹಾಕಿ, ಮಡಿಕಿ ಬದಲ ಮಾಡಿ ಇಡಬೇಕು." ಕಾರ್ಡು ಹಂಗ ಹರಿಯಂಗಿಲ್ಲ ಅಂತ ಭಾವ ಅಂದ್ರು. ನಂಗ ಮೈಸೂರಿನ ಗಂಜೀಫಾ ನೆನಪಾತು. ದುಂಡನ್ನ ಕಾರ್ಡು, ಒಂದೊಂದರ ಮ್ಯಾಲೂ ಕೈಯಿಲೆ ಬರದ ಚಿತ್ರ. ಮುಮ್ಮಡಿ ಕೃಷ್ಣರಾಜ ಒಡೆಯರು ಅದರಾಗ ಹೊಸ ಹೊಸ ಆಟ ಕಟ್ಟಿದ್ರು. ಇವತ್ತು ಆ ಕಾರ್ಡು ಮ್ಯೂಸಿಯಂದಾಗ ಅವ, ಚೌಕಟ್ಟು ಹಾಕಿ ಗ್ವಾಡಿಗೆ ತೂಗಹಾಕ್ಯಾರ, ರೊಕ್ಕಾನೂ ಬರ್ತದ. ಆದ್ರ ನಾಲ್ಕು ಮಂದಿ ಕೂತು ಅದನ್ನ ಆಡಿದ್ದು ನೀವು ಯಾವಾಗರೆ ನೋಡೀರೇನು? ಚಿತ್ರ ಉಳೀತು, ಆಟ ಹೋತು. ಕಾರ್ಡು ಹರೀಲಿಲ್ಲ ಖರೆ.

ಹಂಗಾರ ನಮ್ಮ ಮನ್ಯಾಗ ಏನು ಮಾಡಿದ್ವಿ? ಮೊದಲನೇದು, ಮಗಳಿಗೆ ಮುಚ್ಚಿದ ಪಾಕೀಟು ಕೊಡಸಂಗಿಲ್ಲ. ಒಂದು ಪಾಕೀಟಿನ್ಯಾಗ 14 ಕಾರ್ಡು, ನಾಲ್ಕೈದು ನೂರು ರೂಪಾಯಿ, ಅದರಾಗ ಹತ್ತು ಎಂದೂ ಆಡಲಾರದ್ದು. ಹುಟ್ಟಿದ ಹಬ್ಬಕ್ಕ ಬೇಕಾದ ಕಾರ್ಡನ್ನೇ ಬಿಡಿಯಾಗಿ ಆರಿಸಿಕೊಳ್ಳವ್ವಾ ಅಂದೆ. ಎರಡನೇದು, ಆಕಿ ಗೆಳತ್ಯಾರ ಕೂಡ ಆಡೋದು ಪಾಪರ್ ಪದ್ಧತಿಯಿಂದ. ಪಾಪರ್ ಅಂದ್ರ ಬಡವ, ಬರೇ ಸಾದಾ ಕಾರ್ಡಿನ ಕಟ್ಟು. 2019ರಿಂದ ಕಂಪನೀನೂ ಅದಕ್ಕ ಅಧಿಕೃತ ಮಾನ್ಯತಾ ಕೊಟ್ಟದ. ಎರಡು-ಮೂರು ಸಾವಿರದಾಗ ಛಲೋ ಕಟ್ಟು ಆಗ್ತದ, ಲೈಟ್ನಿಂಗ್ ಬೋಲ್ಟ್ ನಾಲ್ಕೂ ಹಾಕಬಹುದು. ಮೂರನೇದು, ರವಿವಾರ ನಾವು ನಾವೇ ಕೂತಾಗ ನನ್ನ ಎರಡು ಸಾವಿರದಾಗಿನ 360 ಕಾರ್ಡು ಕಲಸಿ, ಹದಿನೈದು ಹದಿನೈದರ ಗುಂಪು ಮಾಡ್ತೇವಿ. ಒಂದು ಆರಿಸಿಕೊಂಡು ಉಳಿದದ್ದು ಬಾಜೂಕಿನವರಿಗೆ ದಾಟಿಸಬೇಕು, ಹಂಗ ಕಟ್ಟು ಕೂಡಬೇಕು. ಪಂಕ್ತಿ ಊಟ ಇದ್ದಂಗ, ಬುಟ್ಟಿ ಎಲ್ಲಾರ ಎಲಿ ಮುಂದೂ ಬರ್ತದ, ನೀಡಿಸಿಕೊಳ್ಳೋ ಜಾಣತನ ಅವರವರದು.

ಇನ್ನ ಆ ನಾಲ್ಕು ಕಾರ್ಡು. ಎರಡು ಮಾರೋದು ಅಂತ ಆತು. ಅದರ ರೊಕ್ಕ ಮಗಳ ಹೆಸರಿಲೆ ಬ್ಯಾಂಕಿನಾಗ, ಭಾವನವರು ಹೇಳಿದ ಠೇವಣಿ ಒಳಗ. ಇದರಾಗ ನಂಗ ಬ್ಯಾಸರಿಲ್ಲ. ಕಂಪನಿ ನಾಳೆ ತನ್ನ ಮಾತು ಮುರದು ಅವನ್ನ ಮತ್ತ ಛಾಪಿಸಿದ್ರ ನಾ ಚಪ್ಪಾಳಿ ಹೊಡಿಯಾಂವನೇ, ಅಂದಮ್ಯಾಲೆ ಆ ಮಾತು ನಂಬಿ ಹುಡುಗಿ ಕಾಲೇಜಿನ ಫೀ ಅದರ ಮ್ಯಾಲೆ ಇಡೋದು ಹೆಂಗ? ಉಳಿದ ಎರಡು ಮಗಳ ಕಟ್ಟಿನ್ಯಾಗ ಅವ. ಪ್ಲಾಸ್ಟಿಕ್ ಕವರು ಹಾಕೇನಿ, ಆದ್ರ ಆಡೋದು ಖರೇ ಖರೇ. ಚುರುಮರಿ ತಿಂದ ಕೈಲೆ ಮುಟ್ಟಬಾರದು ಅನ್ನೋದೊಂದೇ ಕಾಯ್ದೆ.

ಮಾರಿದ ಎರಡರ ಜಾಗಾಕ್ಕ ಆಕಿ ತಾನೇ ಕಾರ್ಡು ಮಾಡಿಕೊಂಡಾಳ. ನಮ್ಮ ಮನಿಗೆ ಬಂದ ಲಗ್ನಪತ್ರಿಕಿ ರಾಶಿ ಬಿದ್ದಿರ್ತಾವಲ್ಲ, ದಪ್ಪನ್ನ ಛಲೋ ಕಾಗದ. ಅದನ್ನ ಅಳತಿಗೆ ಕತ್ತರಿಸಿ, ಸ್ಕೆಚ್ ಪೆನ್ನಿಲೆ ನೀಲಿ ಸಮುದ್ರ ಬರದು, ಕೆಳಗ ಹೆಸರು ಬರದಾಳ. ಹಿಂದಿನ ಮಗ್ಗಲಿಗೆ ಅರ್ಧ ಗಣಪತಿ, 'ಸುಖಾಗಮನ ಬಯಸು' ಅಂತ ಅರ್ಧ ಸಾಲು. ಸ್ಪರ್ಧಾಕ್ಕ ಇದು ನಡೆಯಂಗಿಲ್ಲ. ಮನ್ಯಾಗ ಆಡಲಿಕ್ಕೆ ಕೈಲೆ ಬರಕೊಂಡದ್ದಕ್ಕ ಕಂಪನಿಯವರ ತಕರಾರೂ ಇಲ್ಲ. ಅಸಲಿ ಅಂತ ಛಾಪಿಸಿ ಮಾರಿದ್ರ ಅದು ಖೊಟ್ಟಿ, ಅದಕ್ಕ ನನ್ನ ವಿರೋಧ ಅದ. ಆಕಿದು ಖೊಟ್ಟಿ ಅಲ್ಲ, ಯಾರ ಕಣ್ಣಿಗೂ ಮಣ್ಣೆರಚಂಗಿಲ್ಲ, ಭೂಮಿ ಕೊಡೋ ಎರಡು ಶಕ್ತಿ ಮಾತ್ರ ಅಷ್ಟಕ್ಕಷ್ಟೇ ಕೊಡ್ತದ.

ಹೋದ ರವಿವಾರ ಭಾವನವರನ್ನೂ ಎಳಕೊಂಡು ಕೂಡಿಸಿದ್ಲು. "ಮಾಮಾ, ಒಂದೇ ಆಟ ಆಡ್ರಿ" ಅಂತ. ಬ್ಯಾಂಕಿನ ಮನಶ್ಯಾ ನೋಡ್ರಿ, ಶಕ್ತಿ ಒಂದು ಪೈಸೆ ವ್ಯರ್ಥ ಮಾಡವಲ್ರು, ಎಲ್ಲಾ ಲೆಕ್ಕ. ಎಂಟನೇ ಸರದ್ಯಾಗ ಒಂದು ಬಿಟ್ಟಿ ಲೈಟ್ನಿಂಗ್ ಬೋಲ್ಟ್ ಎಳದು ಆಕಿ ಕೊನೀ ಮೂರು ಜೀವ ತಗದ್ರು. ಆ ಕಾರ್ಡಿಗೆ ಅಂಗಡ್ಯಾಗ ಎಷ್ಟು ಅಂತ ನನ್ನ ಕೇಳಲಿಲ್ಲ. ಮಗಳು ಕಾರ್ಡು ಕಲಸಲಿಕ್ಕೆ ಹತ್ತಿದ್ಲು, ಅಕ್ಕ ಒಳಗಿಂದ ಮನಿಗೆ ಹೊಂಡೋಣ್ರಿ ಅಂತ ಎರಡು ಸಲ ಕೂಗಿದ್ಲು. ಭಾವ ಕವಳ ಹಾಕ್ಕೊಂಡು, "ಈ ಸಲ ನಾ ಮೊದಲು ಆಡ್ತೇನಿ" ಅಂದ್ರು.